ನೀರು ಕೆಳಕ್ಕೆ, ಮೀನು ಮೇಲಕ್ಕೆ

ಏಪ್ರಿಲ್ 12, ರಾತ್ರಿ

ಟಾರು ಇನ್ನೂ ಒಣಗಿಲ್ಲ. ಹರಿಗೋಲು ಎರಡನ್ನೂ ಬೋರಲು ಹಾಕಿ ಮೊನ್ನೆಯೇ ಬಳಿದಿದ್ದು, ಮುಟ್ಟಿದರೆ ಈಗಲೂ ಬೆರಳಿಗೆ ಅಂಟುತ್ತೆ. ಅಣ್ಣ ಟೆಗ್ವಿನ್ ಬಂದ. ಸೊಂಟದ ಮೇಲೆ ಕೈಯಿಟ್ಟು ಸುತ್ತು ಹಾಕಿ ನೋಡಿದ.

"ಬ್ರೆಡ್ಡಿಗೆ ಬೆಣ್ಣೆ ಬಳಿದ ಹಾಗೆ ಬಳಿದಿದ್ದೀಯಲ್ಲೇ. ಹರಿಗೋಲು ತೇಲಬೇಕಾ, ತಿನ್ನಬೇಕಾ?"

ಅವನದ್ದಕ್ಕೂ ನಾನೇ ಬಳಿದಿದ್ದು! ಭುಜ ನೋವಂತೆ. ಪುಣ್ಯಕ್ಕೆ ನೋವು ನಾಲಿಗೆಗೆ ಇಳಿದಿಲ್ಲ. ಆಗಸ್ಟ್ ಕೊನೆಗೆ ಸೀಸನ್ ಮುಗಿದರೆ ಇನ್ನು ಬಲೆ ಹಿಡಿಯಲ್ಲ ಅಂತ ಮತ್ತೆ ಹೇಳಿದ. ಕೇಳಿಸದವಳ ಹಾಗೆ ಇದ್ದೆ. ಎರಡು ಹರಿಗೋಲು, ನಡುವೆ ಒಂದು ಬಲೆ — ಆ ಕಡೆ ತುದಿ ಹಿಡಿಯೋಕೆ ಆಳಿಲ್ಲ ಅಂದ್ರೆ ನಾನು ನದೀಲಿ ಬುಗುರಿ ಹಾಗೆ ತಿರುಗ್ತಾ ಕೂರಬೇಕು ಅಷ್ಟೆ.

ರೇಡಿಯೋದಲ್ಲಿ ಬೆಳಗಿನ ಸುದ್ದಿ ಮುಗಿಯೋ ಹೊತ್ತಿಗೆ ಫೋನ್. ಓಡಿದೆ. ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ.

"ಲುನೆದ್ ಅವರಾ?"

ನಾಲ್ಕು ವರ್ಷದಿಂದ ಇದೇ ಪ್ರಶ್ನೆ. ಒಂಟಿ ಹೆಂಗಸಿನ ಮನೇಲಿ ಇನ್ಯಾರು ಎತ್ತಬೇಕು ಫೋನು?

"ಹೂಂ, ಹೇಳಿ ಇಥೆಲ್."

"ಮೊದಲನೇ ಗೇಟು ಮುಳುಗಿದೆ. ನಾಳೆ ಸಂಜೆಗೆ ನಿಮ್ಮ ಹತ್ರ ಬರುತ್ತೆ."

"ಬಣ್ಣ?"

"ಕರೀ ಟೀ."

"ಸರಿ."

"ಸರಿ ಹಾಗಾದ್ರೆ."

ಇಟ್ಟ. ಇಷ್ಟೇ. ಇಷ್ಟಕ್ಕೇ ಇಡೀ ದಿನ ಅಡುಗೆಮನೇಲಿ ಹಾಡು ಗುನುಗ್ತಿದ್ದೆ... ನಾಚಿಕೆ ಇಲ್ಲದವಳು.

ಈ ತಿಂಗಳಿಗೆ ಸರಿಯಾಗಿ ನಾಲ್ಕು ವರ್ಷ. ನದಿ ಮೇಲ್ಗಡೆ ಇರೋ ಟ್ರೆಗಾರನ್ ಚಾಪೆಲ್‌ನವರು ನಮ್ಮ ಕಿಲ್‌ಗೆರಾನ್‌ಗೆ ಹಾಡೋಕೆ ಬಂದಿದ್ದರು. ಎಲ್ಲರೂ ಕೋಟೆ ನೋಡೋಕೆ ಮೇಲೆ ಹೋದರೆ, ಒಬ್ಬ ಉದ್ದನೆ ಮನುಷ್ಯ ಕೆಳಗೆ ನದಿ ಹತ್ತಿರ ಬಂದು ನಿಂತ. ಹ್ಯಾಟು ಕೈಯಲ್ಲಿ. "ಈ ನೀರು ನಿನ್ನೆ ನನ್ನ ಹೊಲದ ಪಕ್ಕ ಇತ್ತು" ಅಂದ, ಯಾರೋ ಕದ್ದು ತಂದಿಟ್ಟ ಹಾಗೆ. "ಹಾಗಾದ್ರೆ ಕಳಿಸೋ ಮುಂಚೆ ಒಂದು ಮಾತು ಹೇಳಿ ಕಳಿಸ್ರೀ. ಹೋದ ತಿಂಗಳು ನನ್ನ ಬಲೆ ಕೊಚ್ಚಿಕೊಂಡು ಹೋಯ್ತು" ಅಂದೆ. ತಮಾಷೆಗೆ. ಆ ಮನುಷ್ಯನಿಗೆ ತಮಾಷೆ ಗೊತ್ತಾಗಲ್ಲ ಅಂತ ನನಗೇನು ಗೊತ್ತು. ಮರುವಾರ ಮಳೆ ಬಂತು, ಫೋನ್ ಬಂತು. ಆವತ್ತಿಂದ ಅಲ್ಲಿ ಜೌಗು ತುಂಬಿದರೆ ಇಲ್ಲಿ ಫೋನ್ ಹೊಡಕೊಳ್ಳುತ್ತೆ. ಅವನ ಹೊಲದ ಇಳಿಜಾರಿನಲ್ಲಿ ಎರಡು ಬೇಲಿ ಗೇಟು. ನದಿ ಪಕ್ಕದ್ದು ಮುಳುಗಿದರೆ ಒಳ್ಳೆ ಮೀನು. ಎರಡನೇದೂ ಮುಳುಗಿದರೆ ಹರಿಗೋಲು ಎತ್ತಿ ಮನೆ ಗೋಡೆಗೆ ಒರಗಿಸು ಅಂತ.

ಏಪ್ರಿಲ್ 13, ರಾತ್ರಿ ಊಟ ಆದ ಮೇಲೆ

ಬಂತು. ಹೇಳಿದ ಹಾಗೇ, ಹೇಳಿದ ಹೊತ್ತಿಗೇ. ಕರೀ ಟೀ.

ಮಸುಕಾಗ್ತಿದ್ದ ಹಾಗೆ ಇಳಿದ್ವಿ. ಅಣ್ಣ ಆ ದಡ, ನಾನು ಈ ದಡ. ಒಂದು ಕೈಯಲ್ಲಿ ಹುಟ್ಟು, ಒಂದು ಕೈಯಲ್ಲಿ ಬಲೆ ಹಗ್ಗ. ಮೂರು ಸೀವಿನ್ ಮೀನು ಬಿತ್ತು, ಕಡಲಿಂದ ಈಗ ತಾನೇ ಹತ್ತಿದ್ದು, ಬೆಳ್ಳಿ ಚಮಚದ ಹಾಗೆ. ಬಂಡೆ ಹತ್ತಿರ ನೀರುನಾಯಿ ತಲೆ ಎತ್ತಿ ನಮ್ಮನ್ನೇ ನೋಡ್ತು. "ಪಾಲು ಕೇಳೋಕೆ ಬಂದಿದಾನೆ ಮಾವ" ಅಂದ ಅಣ್ಣ.

ಕೈ ನೀರಲ್ಲಿ ಬಿಟ್ಟೆ. ಐಸು. ನಿನ್ನೆ ಬೆಳಿಗ್ಗೆ ಅವನು ಕಿಟಕಿಯಿಂದ ನೋಡಿದ ನೀರು ಇದು. ಬೆರಳು ಮರಗಟ್ಟೋವರೆಗೂ ತೆಗೀಲಿಲ್ಲ.

ಏಪ್ರಿಲ್ 24, ಭಾನುವಾರ

ಚಾಪೆಲ್‌ನಲ್ಲಿ ಪಾದ್ರಿಗಳು ಒಣಹವೆಗೆ ಪ್ರಾರ್ಥನೆ ಮಾಡಿಸಿದರು. ಕುರಿಮರಿ ಹುಟ್ಟೋ ಕಾಲ, ಚಳಿಮಳೆಗೆ ಸಾಯ್ತಾವೆ. ಎಲ್ಲರೂ ಕಣ್ಣು ಮುಚ್ಚಿ "ಆಮೆನ್".

ನಾನು ಮಳೆ ಕೇಳಿದೆ. ಇಲ್ಲಿ ಬೇಡ ದೇವರೇ, ಟ್ರೆಗಾರನ್ ಮೇಲೆ ಹುಯ್ಯಿ. ಮಳೆ ಬಂದರೆ ತಾನೇ ಫೋನು.

ಮೇ 9

ಹನಿ ಇಲ್ಲ. ಮೂರು ವಾರ. ಹೊಳೆ ಇಳಿದು ಬಂಡೆಗಳೆಲ್ಲ ಬೆನ್ನು ಬಿಟ್ಟುಕೊಂಡು ಮಲಗಿವೆ. ಬಿಳಿ ಎದೆಯ ಮುಳುಗುಹಕ್ಕಿ ಕಲ್ಲಿಂದ ಕಲ್ಲಿಗೆ ಹಾರಿ ಬಗ್ಗಿ ಬಗ್ಗಿ ನಮಸ್ಕಾರ ಮಾಡುತ್ತೆ. ಯಾರಿಗೋ. ಮಿಂಚುಳ್ಳಿ ಈ ವರ್ಷವೂ ಎದುರು ದಡದ ಅದೇ ತೂತು ಹಿಡಿದಿದೆ. ಗಂಡು ಮೀನು ತಂದು ಹೆಣ್ಣಿನ ಬಾಯಿಗಿಡೋದನ್ನ ಅಡುಗೆಮನೆ ಕಿಟಕಿಯಿಂದ ನೋಡ್ತಾ ಹಾಲು ಉಕ್ಕಿಸಿದೆ.

ಸೀವಿನ್ ಎಲ್ಲ ಕೆಳಗೆ ಅಳಿವೆಬಾಯಲ್ಲಿ ನಿಂತಿವೆಯಂತೆ. ಹೊಸ ನೀರಿನ ವಾಸನೆ ಬರೋವರೆಗೆ ಅವು ಒಳಗೆ ಬರಲ್ಲ. ಉಪ್ಪುನೀರಲ್ಲಿ ಮೇಲಕ್ಕೆ ಮುಖ ಮಾಡಿ ನಿಂತಿರ್ತಾವೆ. ಅಷ್ಟರಲ್ಲಿ ಕಡಲನಾಯಿ ಬಂದು ಕಚ್ಚಿಕೊಂಡು ಹೋಗುತ್ತೆ. ಆದರೂ ನಿಂತಿರ್ತಾವೆ. ಅವೂ ನಾನೂ ಒಂದೇ ಸುದ್ದಿಗೆ ಕಾಯ್ತಿದ್ದೀವಿ.

ನಾನೇ ಫೋನ್ ಮಾಡಬಹುದಲ್ಲ? ಮಾಡಿ ಏನಂತ ಹೇಳಲಿ? ಹೊಳೆ ಹರಿಯೋದು ಕೆಳಕ್ಕೆ. ಮೇಲಿನವನಿಗೆ ಕೊಡೋಕೆ ಕೆಳಗಿನವಳ ಹತ್ರ ಏನು ಸುದ್ದಿ ಇರುತ್ತೆ?

ಮೇ 17

ಫೋನ್! ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ, ಫೋನ್!

"ಲುನೆದ್ ಅವರಾ?"

"ಹೂಂ, ಹೇಳಿ. ಯಾವ ಗೇಟು?"

"ಗೇಟು... ಒಣಗಿದೆ. ಮಳೆ ಇಲ್ಲ."

"ಇಲ್ಲೂ ಇಲ್ಲ."

ಉಸಿರು ಕೇಳ್ತಿತ್ತು. ಆಮೇಲೆ ಒಂದೇ ಸಮ ಶುರು ಮಾಡಿದ, ಕಂಠಪಾಠ ಒಪ್ಪಿಸೋ ಮಗುವಿನ ಹಾಗೆ. ಕೆಂಪು ಹದ್ದು ಗೂಡು ಕಟ್ಟಿದೆ. ಎರಡು ಮರಿ. ಯಾವ ಮರ, ಯಾವ ಕವಲು, ಎಲ್ಲಿ ನಿಂತರೆ ಕಾಣುತ್ತೆ, ಎಲ್ಲ ಹೇಳಿದ. ————— ————————— —————— ————.

ನಾನು ಮಳೆ ಸುದ್ದಿಗೆ ಬಾಯಿ ತೆರೆದು ಕೂತವಳು. ನಕ್ಕುಬಿಟ್ಟೆ. "ಅಯ್ಯೋ ಮಾರಾಯ್ರೇ, ಹದ್ದಿಂದ ನನಗೇನಾಗಬೇಕು? ಹದ್ದು ಬಲೆಗೆ ಬೀಳುತ್ತಾ? ನನಗೆ ಬೇಕಿರೋದು ನೀರು!"

"ಹೌದು. ಹೌದು. ತೊಂದರೆ ಕೊಟ್ಟೆ."

ಇಟ್ಟುಬಿಟ್ಟ. "ಸರಿ ಹಾಗಾದ್ರೆ" ಅನ್ನಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ನೀರು ಬಿಟ್ಟು ಬೇರೆ ಮಾತಾಡಿದ, ನಾನು ಹೀಗಂದೆ. ಯಾಕೆ ಹೀಗಂದೆ?

ಮೇ 22, ಭಾನುವಾರ, ಸಂಜೆ

ಅಣ್ಣನ ಮನೇಲಿ ಊಟ. ಅತ್ತಿಗೆ ಬೆಟಿ ಕುರಿಮಾಂಸಕ್ಕೆ ಲೀಕ್ ಸೊಪ್ಪು ಹಾಕಿ ಸಾರು ಮಾಡಿದ್ದಳು. ಅಣ್ಣ ಎಂದಿನಂತೆ ಶುರು.

"ಏನಂತಾನೆ ನಿನ್ನ ಜೌಗು ಮನುಷ್ಯ? ಮಳೆ ಇಲ್ಲ, ಬಾಯಿ ಕಟ್ಟಿತಾ?"

"ಅದೇನೋ ಹದ್ದು ಗೂಡು ಕಟ್ಟಿದೆ ಅಂತ ಫೋನ್ ಮಾಡಿದ್ದ. ಮರದ ಗುರುತು ಸಮೇತ ಹೇಳಿದ" ಅಂದೆ ನಗ್ತಾ.

ಬೆಟಿ ಕೈಯಿಂದ ಸೌಟು ಜಾರಿ ಪಾತ್ರೆಗೆ ಬಿತ್ತು. ಅವಳ ತವರು ಟ್ರೆಗಾರನ್ ಕಡೆಯೇ.

"ಮರ ಹೇಳಿದ್ನಾ? ನಿಜ ಹೇಳು. ಯಾವ ಮರ ಅಂತ ಬಾಯಿಬಿಟ್ಟು ಹೇಳಿದ್ನಾ?"

"ಹೂಂ. ಆ ಚಾಪೆಲ್—"

"ಹೇಳಬೇಡ! ನನಗೆ ಹೇಳಬೇಡ ಮಾರಾಯ್ತಿ!" ಎರಡೂ ಕಿವಿ ಮುಚ್ಚಿಕೊಂಡಳು. "ಇಡೀ ದೇಶದಲ್ಲಿ ಉಳಿದಿರೋ ಹದ್ದೆಲ್ಲ ನಮ್ಮ ಬೆಟ್ಟದಲ್ಲೇ. ಮೊಟ್ಟೆ ಕದಿಯೋ ಜನ ಎಲ್ಲೆಲ್ಲಿಂದಲೋ ಬರ್ತಾರೆ. ಅದಕ್ಕೇ ನಮ್ಮ ಕಡೆ ಮರ ಗೊತ್ತಿದ್ದವರು ಇನ್ನೊಬ್ಬರಿಗೆ ಹೇಳಲ್ಲ. ಪಾದ್ರಿಗೂ ಹೇಳಲ್ಲ, ಪೊಲೀಸಿಗೂ ಹೇಳಲ್ಲ. ಮನೆಯವರಿಗೆ ಮಾತ್ರ. ನಮ್ಮಪ್ಪ ನಮ್ಮಮ್ಮನಿಗೆ ಹೇಳಿದ್ದೇ ಮದುವೆ ಗೊತ್ತಾದ ದಿನ. ನನಗಂತೂ ಕೊನೇವರೆಗೂ ಹೇಳಲಿಲ್ಲ. ಕೆಳಗಿನೂರಿನವನನ್ನ ಕಟ್ಟಿಕೊಂಡೆ ಅಂತ."

ಅಣ್ಣ ಚಮಚ ಕೆಳಗಿಟ್ಟ. "ತಡಿ ತಡಿ. ಅಂದ್ರೆ ಆ ಮನುಷ್ಯ ಹದ್ದು ಮುಂದೆ ಬಿಟ್ಟು ಹೆಣ್ಣು ಕೇಳಿದ್ನಾ?"

"ನೀನೇನಂದೆ ಲುನೆದ್?" ಬೆಟಿ ಕೇಳಿದಳು.

ಹೇಳಿದೆ. ಯಾರೂ ನಗಲಿಲ್ಲ. ಅಣ್ಣ ಕೂಡ.

ಮನೆಗೆ ಬಂದವಳೇ ಹದಿನೇಳನೇ ತಾರೀಖಿನ ಪುಟದಲ್ಲಿ ಬರೆದಿದ್ದ ಮರದ ಗುರುತನ್ನ ಶಾಯಿ ಎಳೆದು ಅಳಿಸಿದೆ. ಅಳಿಸಿ ಏನು, ನನಗೆ ಬಾಯಿಪಾಠ ಆಗಿದೆ. ಐವತ್ನಾಲ್ಕು ವರ್ಷಕ್ಕೆ ಒಬ್ಬ ಒಂದು ಮಾತು ಕೇಳಿದ, ಬಲೆಗೆ ಬೀಳುತ್ತಾ ಅಂತ ಕೇಳಿದೆ ನಾನು.

ಮೇ 30

ಫೋನ್ ಇಲ್ಲ.

ಜೂನ್ 6

ಫೋನ್ ಇಲ್ಲ. ಕೆಟ್ಟಿದೆಯಾ ಅಂತ ಎತ್ತಿ ನೋಡಿದೆ. ಚೆನ್ನಾಗಿದೆ, ಹಾಳಾದ್ದು.

ಜೂನ್ 14, ರಾತ್ರಿ ಊಟ ಆದ ಮೇಲೆ

ಸಂಜೆ ಇಲ್ಲಿ ಮಾತ್ರ ಗುಡುಗುಮಳೆ. ದಕ್ಷಿಣದ ಬೆಟ್ಟದ ಕಡೆಯಿಂದ ಬಂದಿದ್ದು, ಟ್ರೆಗಾರನ್‌ಗೆ ಒಂದು ಹನಿಯೂ ಬಿದ್ದಿರಲ್ಲ. ಅಷ್ಟಕ್ಕೇ ಅಳಿವೆಯಲ್ಲಿದ್ದ ಸೀವಿನ್‌ಗಳು ನುಗ್ಗಿ ಬಂದ್ವು. ಇಳಿದ್ವಿ. ಎರಡನೇ ಸುತ್ತಿಗೇ ಹಗ್ಗ ನನ್ನ ಕೈ ಕಿತ್ತುಕೊಂಡು ಹೋಗೋ ಹಾಗೆ ಎಳೀತು. ಹರಿಗೋಲು ಎರಡನ್ನೂ ಒತ್ತಿ ತಂದು ಬಲೆ ಎತ್ತಿದ್ವಿ. ಹೆಣ್ಣು. ನನ್ನ ತೋಳಿನಷ್ಟು ಉದ್ದ. ಬೆನ್ನ ಮೇಲೆ ಕಡಲನಾಯಿ ಕಚ್ಚಿ ವಾಸಿಯಾದ ಗಾಯ, ಅರ್ಧಚಂದ್ರ. ಎಷ್ಟು ಕಾದಿತ್ತೋ ಅಳಿವೆಯಲ್ಲಿ. ಕಚ್ಚಿಸಿಕೊಂಡೂ ವಾಪಸ್ ಕಡಲಿಗೆ ಹೋಗಿರಲಿಲ್ಲ.

ಅಣ್ಣ ದೊಣ್ಣೆ ಎತ್ತಿದ್ದ. ನಾನು ಬಲೆ ಬಿಡಿಸಿ ನೀರಿಗೆ ಬಿಟ್ಟೆ.

"ಏಯ್! ಏನೇ ಮಾಡಿದೆ? ಹುಚ್ಚು ಹಿಡೀತಾ?"

"ಅದು ಮೇಲೆ ಹೋಗಬೇಕು."

"ಎಲ್ಲಾ ಮೀನೂ ಮೇಲೇ ಹೋಗಬೇಕು! ನಮ್ಮಪ್ಪ ಇದ್ದಿದ್ರೆ ನಿನ್ನನ್ನೂ ಅದರ ಹಿಂದೆ ನೀರಿಗೆ ತಳ್ತಿದ್ದ!"

ದಡಕ್ಕೆ ಬರೋವರೆಗೂ ಬೈದ. ಹರಿಗೋಲು ಬೆನ್ನಿಗೆ ಹೊತ್ತು ಹತ್ತುವಾಗ ಮಾತ್ರ, ಆಮೆ ಹಾಗೆ ಒಳಗಿಂದ, ದನಿ ಇಳಿಸಿ ಕೇಳಿದ: "ಆ ಮೇಲಿನವನಿಗಾ?"

"ಹೂಂ."

"ಬೇರೆಯವರು ಕಾಗದ ಬರೀತಾರಪ್ಪ" ಅಂದ.

ಜೂನ್ 15, ಬೆಳಿಗ್ಗೆ

ನಾನೇ ಫೋನ್ ಮಾಡಿದೆ. ಎರಡು ಸಲ ತಪ್ಪು ನಂಬರ್ ತಿರುಗಿಸಿದೆ.

"ಇಥೆಲ್ ಅವರಾ?"

"...ಹೂಂ."

"ನಾನು ಲುನೆದ್. ಒಂದು ಮೀನು ಕಳಿಸಿದ್ದೀನಿ."

"ಏನು?"

"ಸೀವಿನ್. ಹೆಣ್ಣು, ದೊಡ್ಡದು. ಬೆನ್ನ ಮೇಲೆ ಅರ್ಧಚಂದ್ರದ ಗಾಯ. ನವೆಂಬರಿಗೆ ನಿಮ್ಮ ಮನೆ ಹಿಂದಿನ ಹಳ್ಳಕ್ಕೆ ಬರುತ್ತೆ, ಮೊಟ್ಟೆ ಇಡೋಕೆ. ಮೊದಲೇ ಹೇಳಿ ಕಳಿಸ್ತಿದ್ದೀನಿ."

ಹಿಂದೆ ಎಲ್ಲೋ ನಾಯಿ ಬೊಗಳ್ತು, ಗಡಿಯಾರ ಟಿಕ್ ಟಿಕ್.

"ಮತ್ತೆ... ಮರ ಯಾರಿಗೂ ಹೇಳಿಲ್ಲ. ನಮ್ಮ ಅತ್ತಿಗೆಗೂ ಇಲ್ಲ. ಆವತ್ತು ನನಗೆ ಗೊತ್ತಿರಲಿಲ್ಲ ಇಥೆಲ್. ನಿಮ್ಮ ಕಡೆ ಅದು ಹೇಗೆ ಅಂತ ಆಮೇಲೆ ಗೊತ್ತಾಯ್ತು."

"ಓ."

"ಹೂಂ."

"ಹುಲ್ಲು ಕೊಯ್ಲು ಮುಗೀಲಿ" ಅಂದ. "ಬರ್ತೀನಿ ಆ ಕಡೆ."

"ಬಂದು? ನಿಮಗೆ ನೀರು ಕಂಡ್ರೆ ಭಯ ಅಂತ ಮೊದಲ ದಿನ ದಡದಲ್ಲಿ ನೀವೇ ಹೇಳಿದ್ರಿ. ನಮ್ಮಣ್ಣ ಬಲೆ ಬಿಡ್ತಿದ್ದಾನೆ, ಆ ಕಡೆ ತುದಿ ಹಿಡಿಯೋಕೆ ನನಗೆ ಆಳು ಬೇಕು."

"ಭಯ ಇದೆ. ಆದ್ರೂ ಬರ್ತೀನಿ. ಸರಿ ಹಾಗಾದ್ರೆ."

ಸರಿ ಹಾಗಾದ್ರೆ! ಸರಿ ಹಾಗಾದ್ರೆ! ಬೇಕು ಅವನು ನನಗೆ. ಬರೆದೇ ಬಿಟ್ಟೆ. ಯಾರು ಓದ್ತಾರೆ?

ಜುಲೈ 3, ಭಾನುವಾರ

ಹುಲ್ಲಿಗೆ ಬಿಸಿಲು ಬೇಕು. ಇವತ್ತು ಪಾದ್ರಿಗಳಿಗಿಂತ ಜೋರಾಗಿ ನಾನು "ಆಮೆನ್" ಅಂದೆ. ಬೆಟಿ ಮೊಣಕೈಲಿ ತಿವಿದಳು.

ಜುಲೈ 8

"ಅರ್ಧ ಕೊಯ್ದಿದ್ದೀನಿ" ಅಂದ. "ಹದ್ದಿನ ಮರಿ ಹಾರಿದವು." ಅಷ್ಟೆ. ಸಾಕು.

ಜುಲೈ 20

ಬಿಸಿಲೋ ಬಿಸಿಲು. ಅಪ್ಪನ ಹಳೇ ಹುಟ್ಟು ತೆಗೆದು ಎಣ್ಣೆ ಹಾಕಿ ಉಜ್ಜಿದೆ. ಇಥೆಲ್ ಉದ್ದ, ಅಣ್ಣನ ಹುಟ್ಟು ಗಿಡ್ಡ ಆಗುತ್ತೆ. ದ್ರಾಕ್ಷಿ ಬ್ರೆಡ್ ಸುಟ್ಟು ಡಬ್ಬದಲ್ಲಿಟ್ಟೆ. ಇಟ್ಟಷ್ಟೂ ರುಚಿ ಅದು. ಮುಂದಿನ ಕೋಣೆ ಪರದೆ ಒಗೆದೆ. ಅಣ್ಣ ಬಂದು ನೋಡಿ "ಬಿಷಪ್ ಬರ್ತಿದ್ದಾರಾ?" ಅಂದ.

ಜುಲೈ 31

ಇಲ್ಲಿಂದ ಲ್ಯಾಂಪಿಟರ್‌ವರೆಗೂ ಎಲ್ಲರ ಹುಲ್ಲೂ ಕೊಟ್ಟಿಗೆ ಸೇರಿದೆಯಂತೆ. ಹಾಲಿನ ಲಾರಿಯವನು ಹೇಳಿದ. ಫೋನ್ ಮಾಡಿದೆ. ಹೊಡಕೊಂಡಿತು, ಹೊಡಕೊಂಡಿತು... ಯಾರೂ ಎತ್ತಲಿಲ್ಲ. ಸಂತೆಗೆ ಹೋಗಿರಬೇಕು.

ಆಗಸ್ಟ್ 2

ಎತ್ತಲಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಎಂಥಾ ಸಂತೆ ಅದು?

ಆಗಸ್ಟ್ 5

ಹೋಗಲಿ ಬಿಡು. ಮನಸ್ಸು ಬದಲಾಯಿಸಿದ. ಹೇಳೋಕೆ ಬಾಯಿಲ್ಲ, ಅದಕ್ಕೇ ಎತ್ತಲ್ಲ. ಮೇಲಿನ ಜನ ಜೌಗು ನೆಲದ ಹಾಗೇ, ಕಾಲಿಟ್ಟ ಮೇಲೇ ಗೊತ್ತಾಗೋದು ಗಟ್ಟಿ ಇಲ್ಲ ಅಂತ. ಡಬ್ಬದಲ್ಲಿದ್ದ ಬ್ರೆಡ್ ಅಣ್ಣನಿಗೆ ಕೊಟ್ಟೆ. ತಿಂದ. ಒಂದು ಮಾತೂ ಆಡದೆ ತಿಂದ, ಅದೇ ಜಾಸ್ತಿ ಅಳು ತರಿಸಿತು.

ಆಗಸ್ಟ್ 9

ಮೂಡಣ ಬೆಟ್ಟದ ಕಡೆ ರಾತ್ರಿಯೆಲ್ಲ ಮಿಂಚು.

ಬೆಳಗಿನ ಸುದ್ದಿ ಹೊತ್ತಿಗೆ ಫೋನ್. ಹಾರಿ ಎತ್ತಿದೆ. ಮಾತಿಲ್ಲ. ಉಸಿರು ಮಾತ್ರ. "ಯಾರು?" ಅಂದೆ. ಮತ್ತೆ ಉಸಿರು, ಒಂಥರಾ ಗೊರಗೊರ. ಆಮೇಲೆ ಟುಕ್, ಟುಕ್. ಬೆರಳ ಗೆಣ್ಣಲ್ಲಿ ಹಲಗೆಗೆ ಬಡಿದ ಹಾಗೆ. ಮತ್ತೆ ಟುಕ್, ಟುಕ್.

"ಯಾವನೋ ಅದು? ಮಾಡೋಕೆ ಕೆಲಸ ಇಲ್ವಾ? ಅಪ್ಪ ಅಮ್ಮ ಬುದ್ಧಿ ಕಲಿಸಿಲ್ವಾ?" ಅಂತ ಕೂಗಾಡಿ ಇಟ್ಟೆ. ಮತ್ತೆ ಹೊಡಕೊಂಡಿತು. ಎತ್ತಲಿಲ್ಲ.

ಆಗಸ್ಟ್ 10, ಸಂಜೆ

ಬಟ್ಟೆ ಇನ್ನೂ ಒದ್ದೆ. ಆದರೂ ಬರೀತೀನಿ.

ಬಲೆ ಒಣಗಿಸೋಕೆ ದಡದಲ್ಲಿ ಹರಡಿದ್ದೆ. ಹರಿಗೋಲು ಎರಡೂ ನೀರ ಅಂಚಲ್ಲೇ. ಇಲ್ಲಿ ಒಳ್ಳೆ ಬಿಸಿಲು, ಅಣ್ಣ ಹುಲ್ಲ ಮೇಲೆ ಮಲಗಿ ಗೊರಕೆ. ಮೊದಲು ಎರಡು ಕಡ್ಡಿ ತೇಲಿ ಬಂತು. ಆಮೇಲೆ ಒಂದು ಇಡೀ ಬೇಲಿ ಕಂಬ, ತಂತಿ ಸಮೇತ. ತಲೆ ಎತ್ತಿದರೆ ಕೊರಕಲಿನ ತಿರುವಲ್ಲಿ ನೀರು ಕಪ್ಪಗೆ ಎದ್ದು ಬರ್ತಿದೆ. ಕರೀ ಟೀ ಅಲ್ಲ, ಡಾಂಬರು.

ಅಣ್ಣನನ್ನ ಒದ್ದು ಎಬ್ಬಿಸಿದೆ. ನನ್ನ ಹರಿಗೋಲು ಎಳೆದು ಹಾಕಿದೆ. ಅಣ್ಣನದು ಹೋಯ್ತು. ಒಂದು ಸುತ್ತು ತಿರುಗಿ, ಬಂಡೆಗೆ ಬಡಿದು, ಮಡಚಿಕೊಂಡು ಹೋಯ್ತು. ಬಲೆಯೂ. ಅಣ್ಣ ಮೊಣಕಾಲವರೆಗೆ ನೀರಲ್ಲಿ ನಿಂತು "ಯಾಕೆ ಹೇಳಲಿಲ್ಲ ಅವನು? ಎರಡನೇ ಗೇಟು ಮುಳುಗಿರಬೇಕು ಇಷ್ಟಕ್ಕೆ, ಯಾಕೆ ಹೇಳಲಿಲ್ಲ?" ಅಂತ ಅರಚಿದ.

ಎರಡನೇ ಗೇಟು. ಟುಕ್, ಟುಕ್.

ದೇವರೇ.

ಅವನು ಹೇಳಿದ. ನಿನ್ನೆ ಬೆಳಿಗ್ಗೆ, ಸರಿಯಾದ ಹೊತ್ತಿಗೆ, ಎರಡೆರಡು ಸಲ ಹೇಳಿದ. ನಾನು ಬೈದು ಇಟ್ಟೆ.

ಒದ್ದೆ ಬಟ್ಟೇಲೇ ಓಡಿ ಫೋನ್ ಮಾಡಿದೆ. ಹೆಂಗಸಿನ ದನಿ. "ನಾನು ನೆಸ್ಟಾ, ಅವನ ಅಕ್ಕ. ನೀವ್ಯಾರಮ್ಮ?"

ಹುಲ್ಲು ಹೊಲದಲ್ಲೇ ಬಿದ್ದನಂತೆ, ಜುಲೈ ಮೂರನೇ ವಾರ. ಕೊನೇ ಗಾಡಿ ಹೇರ್ತಿದ್ದಾಗ. ಬಲಗಡೆ ಪೂರ್ತಿ ಹೋಗಿದೆ. ಮಾತು ಇಲ್ಲ. ಆಸ್ಪತ್ರೆಯಿಂದ ಬಂದು ನಾಲ್ಕು ದಿನ.

"ನಿನ್ನೆ ಮಳೆ ನೋಡಿ ಏನಾಯ್ತೋ, ಕುರ್ಚಿಯಿಂದ ಬಿದ್ದು ತೆವಳಿಕೊಂಡು ಹೋಗಿ, ಎಡಗೈಲಿ ಫೋನ್ ತಿರುಗಿಸಿದ. ಗೋಡೆ ಬಡಿದ. ಆ ಕಡೆಯಿಂದ ಯಾರೋ ಬೈದ್ರು. ಬುದ್ಧಿಯೂ ಹೋಯ್ತು ಅಂದುಕೊಂಡೆ ನಾನು. ಆಮೇಲೆ ಊಟ ಮುಟ್ಟಿಲ್ಲ."

"ಬೈದಿದ್ದು ನಾನೇ" ಅಂದೆ. "ಬುದ್ಧಿ ಸರಿ ಇದೆ ಅಕ್ಕ, ಅವನದು. ಫೋನ್ ಅವನ ಕಿವಿಗೆ ಹಿಡೀರಿ."

ಉಸಿರು ಬಂತು. ಅದೇ ಗೊರಗೊರ.

"ಇಥೆಲ್. ಲುನೆದ್ ನಾನು. ನೀರು ಬಂತು ಕಣೋ. ನೀನು ಹೇಳಿದ ಹೊತ್ತಿಗೇ ಬಂತು. ಎರಡನೇ ಗೇಟು ತಾನೇ?"

ನಾಲ್ಕು ವರ್ಷದ "ನೀವು" ಎಲ್ಲಿ ಹೋಯ್ತೋ, ಬಾಯಿಗೇ ಬರಲಿಲ್ಲ.

ಟುಕ್. ಟುಕ್.

"ಗೊತ್ತಾಯ್ತು. ತಡವಾಗಿ ಗೊತ್ತಾಯ್ತು. ಊಟ ಮಾಡು."

ಆಗಸ್ಟ್ 13

ಹೋಗಿ ಬಂದೆ. ಮೊದಲನೇ ಬಸ್. ನದಿ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ. ಕೆನಾರ್ತ್ ಜಲಪಾತದ ಹತ್ತಿರ ಬಸ್ ನಿಂತಾಗ ಮೀನು ಹಾರ್ತಿದ್ವು. ಬಂಡೆಗೆ ಬಡಿದು ಬಿದ್ದು, ಮತ್ತೆ. ಲ್ಯಾಂಪಿಟರ್‌ನಲ್ಲಿ ಬಸ್ ಬದಲಾಯಿಸಿದೆ. ಮೇಲೆ ಹೋದಷ್ಟೂ ಹೊಳೆ ಕಿರಿದಾಗಿ, ಕೊನೆಗೆ ಕೆಂಪು ಹುಲ್ಲಿನ ಜೌಗಿನ ನಡುವೆ ಸುಮ್ಮನೆ ಸುತ್ತಾಡ್ತಿರುತ್ತೆ. ಇದೇನಾ ನನ್ನ ಹರಿಗೋಲು ಮುರಿದಿದ್ದು ಅನ್ನಿಸಿತು.

ನೆಸ್ಟಾ ಕೋಣೆ ತೋರಿಸಿದಳು. ಕಿಟಕಿ ಹತ್ತಿರ ಕುರ್ಚಿ. ಹೊರಗೆ ಹೊಲ, ಎರಡು ಗೇಟು.

ನನ್ನನ್ನ ನೋಡಿದ. ಬಾಯಿ ಒಂದು ಕಡೆ ಎಳೆದಿತ್ತು. ಒಂದು ನಿಮಿಷ ಅಷ್ಟೆ. ಮುಖ ಗೋಡೆಗೆ ತಿರುಗಿಸಿಬಿಟ್ಟ.

ಕೂತಿದ್ದೆ, ಕೊನೇ ಬಸ್ಸಿನವರೆಗೂ. ಮಾತಾಡಿದೆ, ಅಣ್ಣ, ಮಿಂಚುಳ್ಳಿ, ನೀರುನಾಯಿ, ಬಾಯಿಗೆ ಬಂದಿದ್ದೆಲ್ಲ. ತಿರುಗಲಿಲ್ಲ. ಕುತ್ತಿಗೆ ಮಾತ್ರ ಕೆಂಪಗಾಗಿತ್ತು. ನೆಸ್ಟಾ ಬಾಗಿಲಲ್ಲಿ ಹೇಳಿದಳು: "ಬೇಜಾರು ಮಾಡಿಕೋಬೇಡಮ್ಮ. ಯಾರಿಗೂ ಮುಖ ಕೊಡಲ್ಲ. ನೀನು ಇನ್ನು ಬರಬೇಡ ಅನ್ನಿಸುತ್ತೆ."

ಬಸ್ಸಲ್ಲಿ ಅತ್ತೆ. ಪಕ್ಕದ ಮುದುಕಿ ಪೆಪ್ಪರ್‌ಮಿಂಟ್ ಕೊಟ್ಟಳು.

ಆಗಸ್ಟ್ 31

ಸೀಸನ್ ಮುಗೀತು. ಬಲೆ ಇಲ್ಲ, ಅಣ್ಣನ ಹರಿಗೋಲು ಇಲ್ಲ. ಹೊಸದು ಕಟ್ಟಲ್ಲ ಅಂದ. ತನ್ನ ಹುಟ್ಟನ್ನ ಗೋಡೆಗೆ ನೇತುಹಾಕಿದ. ನಾನು ಅಪ್ಪನ ಹುಟ್ಟನ್ನ ಅದರ ಪಕ್ಕ ನೇತುಹಾಕಿದೆ. ಅಷ್ಟೊಂದು ಎಣ್ಣೆ ಹಾಕಿ ಉಜ್ಜಿದ್ದು.

ಸೆಪ್ಟೆಂಬರ್ 19, ಬೆಳಿಗ್ಗೆ

ಮಳೆ. ಇಲ್ಲಿ ಅಲ್ಲ, ಅಲ್ಲಿ. ಸುದ್ದಿ ಹೊತ್ತಿಗೆ ಫೋನ್.

ಉಸಿರು. ಟುಕ್.

"ಒಂದೇನಾ?"

ಟುಕ್.

"ಬಣ್ಣ? ಕರೀ ಟೀ ಆದ್ರೆ ಒಂದು, ಜಾಸ್ತಿ ಆದ್ರೆ ಎರಡು."

ಟುಕ್.

ನನಗೆ ಬಲೆ ಇಲ್ಲ, ನೀರಿಗೆ ಇಳಿಯಲ್ಲ. ಅವನಿಗೂ ಗೊತ್ತು. ಆದರೂ ಫೋನ್ ಮಾಡಿದ. ಮುಖ ಕೊಡದವನು ನೀರು ಕಳಿಸಿದ. ರಿಸೀವರ್ ಇಡೋಕೆ ಆಗಲಿಲ್ಲ, ಅವನೂ ಇಡಲಿಲ್ಲ. ನೆಸ್ಟಾ ಬಂದು "ಇಥೆಲ್, ಸಾಕು" ಅಂದಿದ್ದು ಕೇಳಿಸಿತು.

ಸೆಪ್ಟೆಂಬರ್ 20

ಅಣ್ಣನಿಗೆ ಹೇಳಿದೆ, ಹೋಗ್ತೀನಿ ಅಂತ.

"ಎಷ್ಟು ದಿನಕ್ಕೆ?"

ಅಟ್ಟದಿಂದ ಪೆಟ್ಟಿಗೆ ಇಳಿಸಿದೆ.

"ಬೈಕೊಂಡು ಮುಖ ತಿರುಗಿಸಿಕೊಳ್ಳೋನ ಮನೆಗೆ?"

"ಬೈಯೋಕೆ ಬಾಯಿ ಎಲ್ಲಿದೆ ಅವನಿಗೆ? ಬೈಯೋದೆಲ್ಲ ನಂದೇ."

ಅಣ್ಣ ಮೂಗು ಒರೆಸಿಕೊಂಡ. "ಹಾಲಿನ ಲಾರಿಯವನಿಗೆ ಹೇಳ್ತೀನಿ. ಹರಿಗೋಲೂ ತಗೊಂಡು ಹೋಗು. ಜೌಗಲ್ಲಿ ಇನ್ನೇನು ಕೆಲಸಕ್ಕೆ ಬರುತ್ತೋ ಗೊತ್ತಿಲ್ಲ, ತಗೊಂಡು ಹೋಗು."

ಅಕ್ಟೋಬರ್ 2, ಟ್ರೆಗಾರನ್

ಹಾಲಿನ ಕ್ಯಾನುಗಳ ಮಧ್ಯೆ ಹರಿಗೋಲು, ಹರಿಗೋಲಿನ ಒಳಗೆ ನನ್ನ ಪೆಟ್ಟಿಗೆ. ನೆಸ್ಟಾ ಬಾಗಿಲು ತೆಗೆದವಳು ಬಾಯಿಯೂ ತೆಗೆದಳು. ಹೊಲದಲ್ಲಿ ಹರಿಗೋಲು ಬೆನ್ನಿಗೆ ಹೊತ್ತು ನಡೆದು ಬಂದೆ. ಕಿಟಕಿಯಿಂದ ನೋಡಿದವನಿಗೆ ಕಪ್ಪು ಆಮೆಯೊಂದು ಎದ್ದು ನಡೀತಾ ಬಂದ ಹಾಗೆ ಕಂಡಿರಬೇಕು.

ಕೋಣೆಗೆ ಹೋದೆ. ಮುಖ ಗೋಡೆಗೆ. ಭುಜ ಮಾತ್ರ ಅಲುಗಾಡ್ತಿತ್ತು. ಅಳ್ತಿದಾನೆ ಅಂದುಕೊಂಡೆ. ಹತ್ತಿರ ಹೋದರೆ ನಗ್ತಿದ್ದ! ಅರ್ಧ ಬಾಯಲ್ಲಿ. ಆಮೇಲೆ ಅತ್ತ, ಅದು ಬೇರೆ.

ಎಡಗೈಲಿ ನನ್ನ ತೋಳು ಹಿಡಿದು ಕಿಟಕಿ ಕಡೆ ಎಳೆದ. ದೂರ ತೋರಿಸಿದ. ಮರ. ಬರೀ ಗೂಡು, ಹದ್ದು ಇಲ್ಲ. ಅವನು ಫೋನಲ್ಲಿ ಹೇಳಿದ ಹಾಗೇ ಇದೆ, ಕವಲು ಸಮೇತ. ಗೊತ್ತು ಅಂದೆ, ಬಾಯಿಪಾಠ ಬರುತ್ತೆ ಅಂದೆ.

ಅಕ್ಟೋಬರ್ 27

ಮುಖ ತಿರುಗಿಸೋದು ನಿಂತಿದೆ. ಊಟಕ್ಕೆ ಮಾತ್ರ ಜಗಳ. ಚಮಚ ನಾನು ಹಿಡಿದರೆ ಬೇಡ, ಅವನೇ ಹಿಡಿದು ಅಂಗಿಗೆಲ್ಲ ಸಾರು. ಬೈತೀನಿ. ಟುಕ್ ಅಂತಾನೆ. ಆ ಟುಕ್ಕಿಗೆ ಅರ್ಥ ಗೇಟಿನದ್ದಲ್ಲ ಅಂತ ನೆಸ್ಟಾ ನಗ್ತಾಳೆ.

"ಎಲ್ಲಿವರೆಗೆ ಇರ್ತೀಯಮ್ಮ?" ಅಂತ ನೆಸ್ಟಾ ಕೇಳಿದಳು ಇವತ್ತು.

"ಒಂದು ಮೀನು ಬರಬೇಕು" ಅಂದೆ. "ಬಂದ ಮೇಲೆ ನೋಡೋಣ."

ಇಥೆಲ್ ಟೀ ಕಪ್ಪು ಕೆಳಗಿಟ್ಟ. ಆಮೇಲೆ ಕುಡಿಯಲೇ ಇಲ್ಲ. ಯಾಕೆ ಹಾಗಂದೆ ನಾನು? ಬರದೇ ಇದ್ರೆ ಹೋಗಿಬಿಡ್ತೀನಿ ಅಂದುಕೊಂಡನಾ? ಬಂದರೆ ಹೋಗ್ತೀನಿ ಅಂದುಕೊಂಡನಾ? ಈ ಬಾಯಿ ಯಾವಾಗ ಸರಿ ಹೋಗುತ್ತೋ.

ನವೆಂಬರ್ 4

ಹಳ್ಳಕ್ಕೆ ಹೋದ್ವಿ, ಮನೆ ಹಿಂದೆ. ಕುರ್ಚಿ, ಕಂಬಳಿ, ಗಾಳಿ ತಡೆಯೋಕೆ ನನ್ನ ಹರಿಗೋಲು ಹಿಂದೆ ಒರಗಿಸಿ. ಅಣ್ಣ ಕೇಳಿದ್ದನಲ್ಲ ಜೌಗಲ್ಲಿ ಏನು ಕೆಲಸಕ್ಕೆ ಅಂತ. ಸಣ್ಣ ಮೀನು ಬಂದಿವೆ, ಗಂಡುಗಳು. ದೊಡ್ಡದಿಲ್ಲ. ಕೆನಾರ್ತ್ ಹಾರಬೇಕು, ನೀರುನಾಯಿ ತಪ್ಪಿಸಬೇಕು, ಕೊಕ್ಕರೆ ತಪ್ಪಿಸಬೇಕು... ಎಷ್ಟು ದೂರ.

ನವೆಂಬರ್ 8

ಬರಲಿಲ್ಲ. ಸಂಜೆ ಒಳಗೆ ಕರಕೊಂಡು ಹೋಗುವಾಗ ಕುರ್ಚಿ ಹಿಡಿ ಬಿಡಲೇ ಇಲ್ಲ ಅವನು.

ಬಗ್ಗಿ ಹೇಳಿದೆ. "ಕೇಳು ಇಲ್ಲಿ. ಮೀನು ಬಂದ್ರೂ ಇರ್ತೀನಿ, ಬರದಿದ್ರೂ ಇರ್ತೀನಿ. ಆವತ್ತು ಸುಮ್ಮನೆ ಬಾಯಿಗೆ ಬಂದಿದ್ದು ಹೇಳಿದೆ. ನೀನು ಬೇಡ ಅಂದ್ರೆ ಮಾತ್ರ ಹೋಗ್ತೀನಿ. ಬೇಡ ಅಂತೀಯಾ?"

ಕೈ ಎತ್ತಿದ. ಹಲಗೆಗೆ ಬಡಿಯಲಿಲ್ಲ. ನನ್ನ ಕೆನ್ನೆ ಮೇಲಿಟ್ಟ. ತಣ್ಣಗಿತ್ತು, ಹೊಳೆ ನೀರಿನ ಹಾಗೇ.

ನವೆಂಬರ್ 10, ಬೆಳಿಗ್ಗೆ, ಹಳ್ಳದ ಹತ್ತಿರ

ಮಂಜು ಈಗಷ್ಟೇ ಸರೀತು. ನೀರು ಗಾಜಿನ ಹಾಗೆ, ಒಂದೊಂದು ಜಲ್ಲಿಕಲ್ಲೂ ಕಾಣುತ್ತೆ. ಕುರ್ಚಿ ಪಕ್ಕ ನೆಲದಲ್ಲಿ ಕೂತು ಮಂಡಿ ಮೇಲಿಟ್ಟು ಬರೀತಿದ್ದೀನಿ, ಬೆರಳು ಸೆಟೆದಿವೆ. ನೆಸ್ಟಾ ಟೀ ತರ್ತೀನಿ ಅಂತ ಹೋದಳು. ಮೇಲೆ ಹದ್ದು ಒಂದು ಸುತ್ತು ಹಾಕ್ತಿದೆ, ಕೆಂಪು ಬಾಲ ಆ ಕಡೆ ಈ ಕಡೆ ತಿರುಗಿಸ್ತಾ. ಆ ಮರದ್ದೇ ಇರಬೇಕು. ಇಥೆಲ್ ಅದನ್ನ ನೋಡ್ತಾನೂ ಇಲ್ಲ. ಕಣ್ಣು ನೀರಿನ ಮೇಲೇ.

ಇವತ್ತು ಶೇವ್ ಮಾಡಿದೆ ಅವನಿಗೆ, ಒಂದು ಕಡೆ ಸ್ವಲ್ಪ ಗಾಯ ಆಯ್ತು, ಕಣ್ಣು ಬಿಟ್ಟ ನನ್ನ ಮೇಲೆ—

ಭುಜ ತಟ್ಟುತ್ತಿದ್ದಾನೆ. ತಡಿ ಮಾರಾಯ, ಒಂದು ಸಾಲು. ಮತ್ತೆ ತಟ್ಟಿದ. ಒಂದಲ್ಲ, ಎರಡಲ್ಲ, ಬಿಡ್ತಾನೇ ಇಲ್ಲ. ಕೈ ನೀರಿನ ಕಡೆ... ಜಲ್ಲಿ ಮೇಲೆ ಏನೋ ದೊಡ್ಡದು ಮಗ್ಗುಲು ಹೊರಳ್ತಿದೆ, ಹೆಣ್ಣು, ಬಾಲದಲ್ಲಿ ಕಲ್ಲು ಕೆದಕ್ತಿದೆ, ಬೆನ್ನು ಮೇಲೆ ಬಂತು, ಬೆನ್ನ ಮೇಲೆ